ತಲೆಸುತ್ತು, ಕಿವಿ ಸೋರುವಿಕೆ, ಕಿವಿಮಂದ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿವಿಯ ಕಾಯಿಲೆ ಎಂದರೆ ಕೇಳಿಸದಿರುವುದು ಅಥವಾ ನೋಯುವುದು ಎಂದಷ್ಟೇ ನಮ್ಮಲ್ಲಿ ಹೆಚ್ಚಿನವರು ತಿಳಿದಿರುತ್ತಾರೆ. ದೇಹವನ್ನು ನೆಟ್ಟಗೆ ನಿಲ್ಲಿಸುವುದರಲ್ಲಿಯೂ ನಡೆಯುವಾಗ ನೋಟ ಕದಲದಂತೆ ಹಿಡಿದಿಡುವುದರಲ್ಲಿಯೂ ಒಳಕಿವಿಯ ಪಾಲು ದೊಡ್ಡದು. ತಲೆ ತಿರುಗುತ್ತದೆ ಎಂದು ಬರುವವರಲ್ಲಿ ಅನೇಕರು ಅಷ್ಟರಲ್ಲಾಗಲೇ ರಕ್ತದೊತ್ತಡ, ಸಕ್ಕರೆ, ಕತ್ತಿನ ಎಕ್ಸ್‌ರೇ, ಕೆಲವೊಮ್ಮೆ ಮೆದುಳಿನ ಸ್ಕ್ಯಾನ್ ಕೂಡ ಮುಗಿಸಿಕೊಂಡು, ಎಲ್ಲವೂ ಸರಿಯಿದೆ ಎಂಬ ವರದಿಗಳ ಕಟ್ಟನ್ನು ಹಿಡಿದು ಕಿವಿಯ ವೈದ್ಯರ ಬಾಗಿಲಿಗೆ ಬಂದಿರುತ್ತಾರೆ. ಅಂಥವರು ಮತ್ತು ಅವರ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ತಿಳಿವಳಿಕೆಗೆ ಮಾತ್ರ. ಎದುರಿಗೆ ಕೂರಿಸಿಕೊಂಡು ಪರೀಕ್ಷಿಸುವ ವೈದ್ಯರ ಮಾತಿಗೆ ಇವು ಬದಲಿಯಲ್ಲ.

ತಲೆಸುತ್ತು ಎಂದರೆ ಸಾಲದೆ? ವೈದ್ಯರು ಅಷ್ಟೊಂದು ಪ್ರಶ್ನೆ ಕೇಳುವುದೇಕೆ?

ಕನ್ನಡದಲ್ಲಿ ಇದಕ್ಕೆ ಪದಗಳಿಗೇನೂ ಕೊರತೆಯಿಲ್ಲ. ಸುತ್ತಲಿನ ಗೋಡೆಗಳು ಗಿರಗಿರನೆ ತಿರುಗಿದರೆ ತಲೆಸುತ್ತು, ಎದ್ದು ನಿಂತಾಗ ಕಣ್ಣು ಮಂಜಾದರೆ ಕಣ್ಣು ಕತ್ತಲೆ, ಪ್ರಜ್ಞೆ ತಪ್ಪುವಂತಾದರೆ ಬವಳಿ, ನಡೆಯುವಾಗ ಒಂದು ಪಕ್ಕಕ್ಕೆ ಎಳೆದಂತಾದರೆ ಜೋಲಿ ಹೊಡೆಯುವುದು. ಆದರೆ ವೈದ್ಯರ ಮುಂದೆ ಕುಳಿತಾಗ ಇವೆಲ್ಲವೂ ‘ತಲೆಸುತ್ತು’ ಎಂಬ ಒಂದೇ ಪದದೊಳಗೆ ಸೇರಿಬಿಡುತ್ತವೆ. ಬವಳಿ ಬರುವುದಕ್ಕೆ ಹೃದಯ ಅಥವಾ ರಕ್ತದೊತ್ತಡ ಕಾರಣವಾಗಿರಬಹುದು. ಗಿರಗಿರನೆ ತಿರುಗುವುದಕ್ಕೆ ಬಹುಮಟ್ಟಿಗೆ ಒಳಕಿವಿ, ಕೆಲವೊಮ್ಮೆ ಮೆದುಳು ಕಾರಣ.

ಹಾಗೆಂದು ಅನುಭವದ ವರ್ಣನೆಯನ್ನು ಮಾತ್ರ ನಂಬಿದರೆ ವೈದ್ಯರೂ ದಾರಿ ತಪ್ಪುತ್ತಾರೆ, ಏಕೆಂದರೆ ಅದೇ ವ್ಯಕ್ತಿ ಹತ್ತು ನಿಮಿಷ ಬಿಟ್ಟು ಬೇರೆ ಪದ ಬಳಸಬಹುದು. ಅದಕ್ಕಿಂತ ಗಟ್ಟಿಯಾದ ಆಧಾರ ಮೂರು ಪ್ರಶ್ನೆಗಳಲ್ಲಿದೆ: ಒಂದೊಂದು ಸಲ ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ, ಜೊತೆಗೆ ಕಿವಿ ಕೇಳಿಸುವುದರಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೆ. ಸೆಕೆಂಡುಗಳಷ್ಟು ಮಾತ್ರ ಇದ್ದು, ತಲೆಯನ್ನು ಒಂದು ನಿರ್ದಿಷ್ಟ ಕಡೆಗೆ ಹೊರಳಿಸಿದಾಗಲೇ ಬರುವುದು ಒಂದು ಕಾಯಿಲೆ. ಗಂಟೆಗಟ್ಟಲೆ ಇದ್ದು ಕಿವಿಯೊಳಗೆ ಮೊರೆತ ತರುವುದು ಇನ್ನೊಂದು. ದಿನಗಟ್ಟಲೆ ಬಿಡದೆ ಹಾಸಿಗೆ ಹಿಡಿಸುವುದು ಮತ್ತೊಂದು. ಯಂತ್ರವನ್ನು ಮುಟ್ಟುವ ಮೊದಲೇ ಅರ್ಧಕ್ಕಿಂತ ಹೆಚ್ಚು ರೋಗನಿರ್ಣಯ ಈ ಮಾತುಕತೆಯಲ್ಲಿ ಆಗಿರುತ್ತದೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವ ಮುನ್ನ ಈ ಮೂರಕ್ಕೂ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಲೆ ತಿರುಗುತ್ತಿರುವಾಗ ಮನೆಯವರು ಫೋನಿನಲ್ಲಿ ಕಣ್ಣುಗಳ ವಿಡಿಯೊ ತೆಗೆದಿಟ್ಟರೆ ಅದು ದುಬಾರಿ ಸ್ಕ್ಯಾನ್‌ಗಿಂತ ಹೆಚ್ಚು ಹೇಳುವುದುಂಟು.

ಕಣ್ಣಿನ ವಿಡಿಯೊದಿಂದ ಕಿವಿಯ ಕಾಯಿಲೆ ತಿಳಿಯುವುದು ಹೇಗೆ?

ಒಳಕಿವಿಯಲ್ಲಿ ಕೇಳಿಸುವ ಭಾಗವಾದ ಕಾಕ್ಲಿಯಾದ ಪಕ್ಕದಲ್ಲೇ ಮೂರು ಅರ್ಧವೃತ್ತ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ದ್ರವ ತುಂಬಿದ ನಾಳಗಳು ತಲೆ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದನ್ನು ಅಳೆಯುತ್ತವೆ. ಚೀಲಗಳಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳು ಕುಳಿತಿದ್ದು, ಯಾವುದು ಮೇಲು ಯಾವುದು ಕೆಳಗು ಎಂಬುದನ್ನು ತಿಳಿಸುತ್ತವೆ. ಈ ಸುದ್ದಿ ಮೆದುಳಿನ ಬುಡಕ್ಕೆ ತಲುಪಿದ ಕ್ಷಣಾರ್ಧದಲ್ಲಿ ಕಣ್ಣುಗುಡ್ಡೆಗಳು ತಲೆಯ ಚಲನೆಗೆ ವಿರುದ್ಧ ದಿಕ್ಕಿಗೆ ಅಷ್ಟೇ ಸರಿಯುತ್ತವೆ. ನಡೆಯುತ್ತ ಬಸ್ಸಿನ ಬೋರ್ಡು ಓದಲು ಆಗುವುದು ಇದರಿಂದಲೇ. ಒಂದು ಕಿವಿ ತಪ್ಪು ಸುದ್ದಿ ಕಳಿಸಿದರೆ ಕಣ್ಣುಗುಡ್ಡೆಗಳು ನಿಧಾನವಾಗಿ ಒಂದು ಕಡೆಗೆ ಜಾರಿ, ತಟ್ಟನೆ ಮರಳಿ, ಮತ್ತೆ ಜಾರುತ್ತವೆ. ಈ ತುಯ್ತಕ್ಕೆ ನಿಸ್ಟ್ಯಾಗ್ಮಸ್ ಎಂದು ಹೆಸರು. ಅದರ ದಿಕ್ಕನ್ನು ನೋಡಿಯೇ ಯಾವ ಕಿವಿ, ಯಾವ ನಾಳ ಎಂದು ಹೇಳಲು ಬರುತ್ತದೆ.

ಈ ಸಂಬಂಧವನ್ನು ಬಿಡಿಸಿದವರಲ್ಲಿ ವಿಯೆನ್ನಾದ ರಾಬರ್ಟ್ ಬಾರಾನಿ ಮುಖ್ಯರು. ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ರೋಗಿಗೆ ತಲೆ ತಿರುಗಿ ಕಣ್ಣು ಒಂದು ದಿಕ್ಕಿಗೆ ತುಯ್ಯುತ್ತದೆ, ನೀರು ಬಿಸಿಯಾಗಿದ್ದರೆ ದಿಕ್ಕು ತಿರುಗುಮುರುಗಾಗುತ್ತದೆ ಎಂಬುದನ್ನು ಅವರು ಗಮನಿಸಿ ಕಾರಣವನ್ನು ಬಿಡಿಸಿದರು. ಇದಕ್ಕೆ 1914ರ ನೊಬೆಲ್ ಪ್ರಶಸ್ತಿ ಬಂದಿತು. ಸುದ್ದಿ ತಲುಪಿದಾಗ ಅವರು ರಷ್ಯಾದ ಯುದ್ಧಕೈದಿಯಾಗಿದ್ದರು. ಇಂದಿಗೂ ಆಸ್ಪತ್ರೆಗಳಲ್ಲಿ 30 ಮತ್ತು 44 ಡಿಗ್ರಿ ಸೆಲ್ಸಿಯಸ್‌ನ ನೀರು ಬಿಟ್ಟು ಮಾಡುವ ಕ್ಯಾಲೋರಿಕ್ ಪರೀಕ್ಷೆಗೆ ಅದೇ ಮೂಲ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಅಟ್ಟದ ಮೇಲಿನ ಡಬ್ಬಿ ನೋಡಲು ಕತ್ತೆತ್ತಿದರೆ ಮನೆಯೇ ತಿರುಗಿದಂತಾಗುತ್ತದೆ. ಇದೇನು?

ಬಹುಪಾಲು ಇದು ಬಿಪಿಪಿವಿ ಎಂದು ಕರೆಯುವ, ಒಳಕಿವಿಯಿಂದ ಬರುವ ತಲೆಸುತ್ತುಗಳಲ್ಲೆಲ್ಲ ಅತಿ ಸಾಮಾನ್ಯವಾದ ತೊಂದರೆ. ಮೇಲೆ ಹೇಳಿದ ಸುಣ್ಣದ ಹರಳುಗಳಲ್ಲಿ ಕೆಲವು ಚೀಲದಿಂದ ಕಳಚಿ ಅರ್ಧವೃತ್ತ ನಾಳದೊಳಕ್ಕೆ ಬಿದ್ದಿರುತ್ತವೆ, ಅದರಲ್ಲೂ ಹಿಂಬದಿಯ ನಾಳಕ್ಕೆ. ತಲೆಯ ಭಂಗಿ ಬದಲಾದಾಗ ಅವು ಉರುಳಿ ದ್ರವವನ್ನು ಎಳೆಯುತ್ತವೆ. ತಿರುಗದ ತಲೆ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಮೆದುಳಿಗೆ ಹೋಗುತ್ತದೆ. ಹರಳು ತಳ ಮುಟ್ಟಿ ನಿಂತ ಕೂಡಲೇ ತಲೆಸುತ್ತೂ ನಿಲ್ಲುತ್ತದೆ, ಆದ್ದರಿಂದ ಅದು ಒಂದು ನಿಮಿಷ ದಾಟುವುದಿಲ್ಲ. ಬೆಳಿಗ್ಗೆ ಏಳುವಾಗ, ಎಣ್ಣೆಸ್ನಾನದಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸಿದಾಗ, ದಂತವೈದ್ಯರ ಕುರ್ಚಿಯಲ್ಲಿ ಒರಗಿದಾಗ, ಸರ್ವಾಂಗಾಸನದಿಂದ ಇಳಿಯುವಾಗ ಇದು ಕಾಣಿಸಿಕೊಳ್ಳುತ್ತದೆ. ಕಿವಿ ಎಂದಿನಂತೆಯೇ ಕೇಳಿಸುತ್ತದೆ. ಐವತ್ತು ದಾಟಿದ ಮಹಿಳೆಯರಲ್ಲಿ ಹೆಚ್ಚು. ತಲೆಗೆ ಪೆಟ್ಟು ಬಿದ್ದ ಮೇಲೆ ಯಾವ ವಯಸ್ಸಿನಲ್ಲಾದರೂ ಬರಬಹುದು.

ಇದನ್ನು ‘ಪಿತ್ತ ಏರಿದೆ’ ಎಂದೋ ‘ಗ್ಯಾಸ್ ತಲೆಗೆ ಹೊಡೆದಿದೆ’ ಎಂದೋ ವಾರಗಟ್ಟಲೆ ತಳ್ಳಿಹಾಕುವುದನ್ನು ನೋಡುತ್ತಲೇ ಇರುತ್ತೇವೆ. ವಾಂತಿ ಬರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ವಾಂತಿ ಇಲ್ಲಿ ತಲೆಸುತ್ತಿನ ಫಲವೇ ಹೊರತು ಕಾರಣವಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕೆ?

ಲಕ್ಷಣಗಳು ಸ್ಪಷ್ಟವಾಗಿದ್ದರೆ ಬೇಡ. ಬೇಕಾದದ್ದು ಒಂದು ಮಂಚ ಮತ್ತು ಎರಡು ನಿಮಿಷ. ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆಯಲ್ಲಿ, ಕುಳಿತವರ ತಲೆಯನ್ನು ಒಂದು ಪಕ್ಕಕ್ಕೆ 45 ಡಿಗ್ರಿ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಕ್ಕೆ ಬಾಗುವಂತೆ ಬೇಗನೆ ಅಂಗಾತ ಮಲಗಿಸಿ ಕಣ್ಣುಗಳನ್ನು ನೋಡುತ್ತಾರೆ. ಕೆಲವು ಸೆಕೆಂಡು ತಡೆದು ತುಯ್ತ ಶುರುವಾಗಿ, ಏರಿ, ನಿಮಿಷದೊಳಗೆ ಇಳಿದುಹೋದರೆ ಕೆಳಗಿರುವ ಕಿವಿಯೇ ತಪ್ಪಿತಸ್ಥ. ಪರೀಕ್ಷೆಯ ಹೊತ್ತಿನಲ್ಲಿ ತಲೆ ತಿರುಗುವುದು ಖಂಡಿತ, ಭಯಪಟ್ಟು ಕಣ್ಣು ಮುಚ್ಚಿಬಿಟ್ಟರೆ ನೋಡಬೇಕಾದುದು ಕಾಣುವುದಿಲ್ಲ. ಆದ್ದರಿಂದ ಕಣ್ಣು ತೆರೆದಿರುವುದು ರೋಗಿಯ ಕಡೆಯಿಂದ ಆಗಬೇಕಾದ ದೊಡ್ಡ ಸಹಾಯ.

ಚಿಕಿತ್ಸೆ ಏನು? ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೆ?

ನಾಳಕ್ಕೆ ಬಿದ್ದ ಹರಳನ್ನು ಬಂದ ದಾರಿಯಲ್ಲೇ ಉರುಳಿಸಿ ಚೀಲಕ್ಕೆ ಮರಳಿಸುವುದೇ ಚಿಕಿತ್ಸೆ. ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ಇದನ್ನು 1980ರ ಹೊತ್ತಿಗೇ ತೋರಿಸಿದರೂ ಸಹೋದ್ಯೋಗಿಗಳು ನಂಬಲಿಲ್ಲ. ಅವರ ಹೆಸರಾದ ಲೇಖನ ಅಚ್ಚಾದದ್ದು 1992ರಲ್ಲಿ. ಮಾತ್ರೆಯಿಲ್ಲದೆ, ಚಾಕುವಿಲ್ಲದೆ, ತಲೆ ತಿರುಗಿಸಿ ಮಲಗಿಸಿದರೆ ತಲೆಸುತ್ತು ಹೋಗುತ್ತದೆ ಎಂದರೆ ಇಂದಿಗೂ ಕೆಲವರು ಹುಬ್ಬೇರಿಸುತ್ತಾರೆ.

ಬಲಗಿವಿಯ ತೊಂದರೆ ಎಂದಿಟ್ಟುಕೊಳ್ಳಿ. ಕಾಲು ಚಾಚಿ ಕುಳಿತವರ ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಭುಜದ ಕೆಳಗೆ ದಿಂಬು ಬರುವಂತೆ ಅಂಗಾತ ಮಲಗಿಸುತ್ತಾರೆ. ತಲೆಸುತ್ತು ನಿಂತ ಮೇಲೂ ಅರ್ಧದಿಂದ ಒಂದು ನಿಮಿಷ ಹಾಗೆಯೇ ಬಿಟ್ಟು, ತಲೆಯನ್ನು ಮೇಲೆತ್ತದೆ ಎಡಕ್ಕೆ 90 ಡಿಗ್ರಿ ತಿರುಗಿಸುತ್ತಾರೆ. ಮತ್ತೆ ಅಷ್ಟೇ ಹೊತ್ತು ಕಾಯಬೇಕು. ಬಳಿಕ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮುಖ ನೆಲದತ್ತ ಬರುವಂತೆ ತಲೆಯನ್ನು ಇನ್ನೂ 90 ಡಿಗ್ರಿ ತಿರುಗಿಸಿ ಮತ್ತೆ ಕಾಯುತ್ತಾರೆ. ಕೊನೆಗೆ ಆ ಪಕ್ಕದಿಂದಲೇ ಎಬ್ಬಿಸಿ ಕೂರಿಸುತ್ತಾರೆ. ಹರಳು ಹಿಂಬದಿಯ ನಾಳದಲ್ಲಿದ್ದರೆ ಹೆಚ್ಚಿನವರಿಗೆ ಒಂದೆರಡು ಸರದಿಯಲ್ಲಿ ಗುಣವಾಗುತ್ತದೆ. ಹರಳು ಅಡ್ಡನಾಳದಲ್ಲಿದ್ದರೆ ಈ ವಿಧಾನ ನಡೆಯದು; ಆಗ ಹಾಸಿಗೆಯ ಮೇಲೆಯೇ ಉರುಳುಸೇವೆ ಮಾಡಿದಂತೆ, ಸರಿಯಿರುವ ಕಿವಿಯ ಕಡೆಗೆ, ಕಾಲು ಸುತ್ತಿಗೊಮ್ಮೆ ನಿಲ್ಲುತ್ತ ಪೂರ್ತಿ ಹೊರಳಿಸುತ್ತಾರೆ.

ಮೊದಲ ಸಲ ಇದನ್ನು ವೈದ್ಯರು ಅಥವಾ ತರಬೇತಾದ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮಾಡಬೇಕು. ಯಾವ ಕಿವಿ ಎಂದು ತಿಳಿಯದೆ ವಿಡಿಯೊ ನೋಡಿಕೊಂಡು ಮಾಡಿದರೆ ಪ್ರಯೋಜನವಾಗುವುದಿಲ್ಲ, ಕೆಲವೊಮ್ಮೆ ಹರಳು ಬೇರೊಂದು ನಾಳಕ್ಕೆ ಹೋಗಿ ಬೀಳುತ್ತದೆ. ಕತ್ತಿನ ಮೂಳೆಯ ಗಂಭೀರ ತೊಂದರೆ, ಕಣ್ಣಿನ ಅಕ್ಷಿಪಟಲ ಕಳಚಿದ ಇತಿಹಾಸ ಅಥವಾ ಕತ್ತಿನ ರಕ್ತನಾಳದ ಕಾಯಿಲೆ ಇರುವವರು ಮೊದಲೇ ಹೇಳಬೇಕು. ಪಕ್ಕವನ್ನು ಗುರುತಿಸಿ ಕಲಿಸಿಕೊಟ್ಟ ಮೇಲೆ, ಮನೆಯವರೊಬ್ಬರು ಹತ್ತಿರವಿರುವಾಗ ಮನೆಯಲ್ಲೇ ಮಾಡಿಕೊಳ್ಳಲು ಅಡ್ಡಿಯಿಲ್ಲ. ಎರಡು ದಿನ ಕುಳಿತೇ ನಿದ್ರಿಸಬೇಕೆಂಬ ಹಳೆಯ ಸೂಚನೆಯಿಂದ ವಿಶೇಷ ಲಾಭವಿಲ್ಲವೆಂದು ಗೊತ್ತಾಗಿರುವುದರಿಂದ ಅದನ್ನು ಈಗ ಸಾಮಾನ್ಯವಾಗಿ ಹೇಳುವುದಿಲ್ಲ.

ಒಮ್ಮೆ ಗುಣವಾದರೆ ಮತ್ತೆ ಬರುವುದಿಲ್ಲವೆ?

ಬರಬಹುದು, ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಜನರಿಗೆ ಮರುಕಳಿಸುತ್ತದೆ. ಅದೇ ಚಿಕಿತ್ಸೆ ಮತ್ತೆ ಫಲಿಸುತ್ತದೆ. ವಿಟಮಿನ್ ಡಿ ಕೊರತೆ ಇರುವವರಿಗೆ ಅದನ್ನು ಕ್ಯಾಲ್ಸಿಯಂ ಜೊತೆಗೆ ಕೊಟ್ಟಾಗ ಮರುಕಳಿಕೆ ಕಡಿಮೆಯಾಯಿತೆಂದು 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಪದೇ ಪದೇ ಬರುತ್ತಿದ್ದರೆ ಆ ರಕ್ತಪರೀಕ್ಷೆ ಮಾಡಿಸುವುದು ಯುಕ್ತ.

ಕತ್ತಿನ ಮೂಳೆ ಸವೆದಿದೆ, ಅದರಿಂದಲೇ ತಲೆಸುತ್ತು ಎಂದು ಹೇಳಿ ಕಾಲರ್ ಹಾಕಿದ್ದಾರೆ. ಸರಿಯೆ?

ನಲವತ್ತೈದು ದಾಟಿದ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಸ್ವಲ್ಪ ಸವೆತ ಕಾಣುವುದು ಸಾಮಾನ್ಯ. ತಲೆಸುತ್ತು ಇಲ್ಲದವರಲ್ಲಿಯೂ ಅದು ಇರುತ್ತದೆ. ‘ಸರ್ವಿಕಲ್’ ಎಂಬ ಪದ ನಮ್ಮ ಊರುಗಳಲ್ಲಿ ತಲೆಸುತ್ತಿಗೆ ಪರ್ಯಾಯ ಪದವೇ ಆಗಿಬಿಟ್ಟಿದೆ. ಕತ್ತೆತ್ತಿದಾಗ ತಲೆ ತಿರುಗುತ್ತದೆ ಎಂಬುದನ್ನು ಕೇಳಿದೊಡನೆ ಕತ್ತನ್ನು ದೂರುತ್ತಾರೆ, ಆದರೆ ಕತ್ತು ಎತ್ತಿದಾಗ ಜೊತೆಗೆ ಕಿವಿಯೂ ಹಿಂದಕ್ಕೆ ವಾಲುತ್ತದೆ ಎಂಬುದು ಮರೆತುಹೋಗುತ್ತದೆ. ಕಾಲರ್ ಹಾಕಿದವರು ತಲೆ ಅಲುಗಿಸುವುದಿಲ್ಲ, ಹರಳೂ ಅಲುಗುವುದಿಲ್ಲ, ತಾತ್ಕಾಲಿಕವಾಗಿ ಆರಾಮ ಎನ್ನಿಸುತ್ತದೆ. ಕಾಯಿಲೆ ಹಾಗೆಯೇ ಉಳಿಯುತ್ತದೆ. ಕೈಗಳಲ್ಲಿ ಜೋಮು, ಬಲಹೀನತೆ ಇದ್ದರೆ ಕತ್ತಿನ ಪರೀಕ್ಷೆ ಬೇಕೇ ಬೇಕು, ಅದು ಬೇರೆ ಮಾತು.

ತಲೆಸುತ್ತಿನ ಮಾತ್ರೆಯನ್ನು ಎರಡು ವರ್ಷದಿಂದ ನುಂಗುತ್ತಿದ್ದೇನೆ. ಮುಂದುವರಿಸಲೆ?

ಯಾವ ಮಾತ್ರೆ ಎಂಬುದರ ಮೇಲೆ ಉತ್ತರ ನಿಂತಿದೆ. ಪ್ರೊಕ್ಲೋರ್‌ಪೆರಾಝಿನ್, ಸಿನ್ನರಿಝಿನ್‌ನಂಥವು ಸಮತೋಲನದ ವ್ಯವಸ್ಥೆಯನ್ನೇ ಮಂಕುಗೊಳಿಸುತ್ತವೆ. ತೀವ್ರ ತಲೆಸುತ್ತು, ವಾಂತಿ ಇರುವ ಮೊದಲ ಎರಡು ಮೂರು ದಿನ ಅವು ವರದಾನ. ಆಮೇಲೆ ಮೆದುಳು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುವುದನ್ನು ಅವೇ ತಡೆಯುತ್ತವೆ. ವಯಸ್ಸಾದವರು ತಿಂಗಳುಗಟ್ಟಲೆ ತೆಗೆದುಕೊಂಡರೆ ಕೈನಡುಕ, ಮೈಬಿಗಿತ, ಸಣ್ಣ ಹೆಜ್ಜೆಯ ನಡಿಗೆ, ಅಂದರೆ ಪಾರ್ಕಿನ್ಸನ್ ಕಾಯಿಲೆಯಂತೆಯೇ ಕಾಣುವ ಲಕ್ಷಣಗಳು ಬರಬಹುದು. ಬೀಟಾಹಿಸ್ಟೀನ್ ಅಷ್ಟು ಅಪಾಯಕಾರಿಯಲ್ಲ, ನಮ್ಮಲ್ಲಿ ಧಾರಾಳವಾಗಿಯೂ ಬರೆದುಕೊಡುತ್ತಾರೆ, ಆದರೆ ಹರಳು ಜಾರಿದ ತೊಂದರೆಯಲ್ಲಿ ಅದು ಹರಳನ್ನು ಮರಳಿಸಲಾರದು. ತಾನಾಗಿ ನಿಲ್ಲಿಸದೆ, ‘ಇದು ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ?’ ಎಂದು ಬರೆದುಕೊಟ್ಟವರನ್ನೇ ಕೇಳಿ. ಹಾಗೆ ಕೇಳುವುದು ಉದ್ಧಟತನವಲ್ಲ.

ಯಾವ ತಲೆಸುತ್ತಿಗೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು?

ತಲೆಸುತ್ತಿನ ಜೊತೆಗೆ ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಅಥವಾ ಕೈಕಾಲಿನ ಒಂದು ಪಕ್ಕ ಸೋಲುವುದು ಇಲ್ಲವೆ ಜೋಮು ಹಿಡಿಯುವುದು, ನುಂಗಲು ಆಗದಿರುವುದು, ಹಿಂದೆಂದೂ ಬರದಂಥ ತಲೆನೋವು, ಅಥವಾ ಹಿಡಿದುಕೊಂಡರೂ ನಿಲ್ಲಲಾಗದಷ್ಟು ಜೋಲಿ, ಇವುಗಳಲ್ಲಿ ಒಂದಿದ್ದರೂ ಪಾರ್ಶ್ವವಾಯು ಎಂದೇ ಭಾವಿಸಿ ಹೊರಡಬೇಕು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿರುತ್ತದೆ. ನಿಂಬೆಹಣ್ಣಿನ ಶರಬತ್ತು ಕೊಟ್ಟು ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕಷ್ಟವಿರುವುದು ಈ ಲಕ್ಷಣಗಳಿಲ್ಲದೆ, ಬಿಡದೆ ತಲೆ ತಿರುಗುತ್ತಿರುವವರಲ್ಲಿ. ಅವರ ತೊಂದರೆ ಕಿವಿಯ ನರದ್ದೆ, ಮೆದುಳಿನದ್ದೆ ಎಂಬುದನ್ನು ಅನುಭವಿ ವೈದ್ಯರು ಮೂರು ಸಣ್ಣ ಕಣ್ಣಿನ ಪರೀಕ್ಷೆಗಳಿಂದ ತಿಳಿಯುತ್ತಾರೆ: ತಲೆಯನ್ನು ತಟ್ಟನೆ ತಿರುಗಿಸಿದಾಗ ಕಣ್ಣು ಗುರಿ ತಪ್ಪುತ್ತದೆಯೆ, ತುಯ್ತದ ದಿಕ್ಕು ನೋಟದೊಂದಿಗೆ ಬದಲಾಗುತ್ತದೆಯೆ, ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದಾಗ ಇನ್ನೊಂದು ಮೇಲೆ ಕೆಳಗೆ ಸರಿಯುತ್ತದೆಯೆ. ಗುರಿ ತಪ್ಪಿದರೆ ಕಿವಿಯ ನರದ ತೊಂದರೆ ಎಂಬ ಸೂಚನೆ. ತಪ್ಪದೆ ಸರಿಯಾಗಿ ನಿಂತರೆ ಚಿಂತಿಸಬೇಕು. ಕೇಳುವವರಿಗೆ ಇದು ತಿರುಗುಮುರುಗು ಎನ್ನಿಸಬಹುದು, ಆದರೆ ತರ್ಕ ಸರಳ: ಕಿವಿ ಸರಿಯಿದ್ದೂ ತಲೆ ಬಿಡದೆ ತಿರುಗುತ್ತಿದೆ ಎಂದರೆ ತೊಂದರೆ ಅದಕ್ಕಿಂತ ಮೇಲಿದೆ. ಮೊದಲ ಒಂದೆರಡು ದಿನಗಳಲ್ಲಿ ಎಂಆರ್‌ಐ ಮಾಡಿಸಿದರೂ ಸಣ್ಣ ಪಾರ್ಶ್ವವಾಯು ಕಾಣದೆ ಹೋಗಬಹುದು; ಸಿಟಿ ಸ್ಕ್ಯಾನ್‌ನಲ್ಲಿ ಹಾಗಾಗುವ ಸಾಧ್ಯತೆ ಇನ್ನೂ ಹೆಚ್ಚು.

ಮೂರು ದಿನ ಬಿಡದೆ ತಲೆ ತಿರುಗಿ, ಈಗ ನಡೆಯುವಾಗ ಓಲಾಡುತ್ತೇನೆ. ವಿಶ್ರಾಂತಿ ಎಷ್ಟು ದಿನ ಬೇಕು?

ವೈದ್ಯರು ಇದನ್ನು ವೆಸ್ಟಿಬ್ಯುಲಾರ್ ನ್ಯೂರೈಟಿಸ್ ಎಂದು ಹೇಳಿದ್ದರೆ, ಅಂದರೆ ಒಂದು ಪಕ್ಕದ ಸಮತೋಲನ ನರ ಉರಿಯೂತದಿಂದ ಸೋತಿದ್ದರೆ, ಉತ್ತರ ನೀವು ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿದೆ: ಎರಡು ಮೂರು ದಿನ ಕಳೆದ ಮೇಲೆ ವಿಶ್ರಾಂತಿಯೇ ಹಾನಿ. ಒಂದು ಎತ್ತು ಕುಂಟಿದ ಬಂಡಿ ಒಂದು ಕಡೆಗೆ ಎಳೆಯುವಂತೆ ದೇಹ ಎಳೆಯುತ್ತಿರುತ್ತದೆ. ನರ ಪೂರ್ತಿ ಚೇತರಿಸದಿದ್ದರೂ ಮೆದುಳು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲದು, ಆದರೆ ತಪ್ಪು ಎಲ್ಲಿದೆ ಎಂದು ತಿಳಿಯಲು ಅದಕ್ಕೆ ಚಲನೆ ಬೇಕು. ಹೆಬ್ಬೆರಳ ಉಗುರಿನ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಅತ್ತಿತ್ತ ತಿರುಗಿಸುವುದು, ಕಾಲು ಜೋಡಿಸಿ ನಿಲ್ಲುವುದು, ತಲೆ ತಿರುಗಿಸುತ್ತ ನಡೆಯುವುದು, ಕೊನೆಗೆ ದಿಂಬಿನ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಹೀಗೆ ಹಂತಹಂತವಾಗಿ ದಿನಕ್ಕೆ ಎರಡು ಮೂರು ಸಲ ಮಾಡಿಸುತ್ತಾರೆ. ಮಾಡುವಾಗ ಸ್ವಲ್ಪ ತಲೆ ತಿರುಗಲೇಬೇಕು. ತಿರುಗದಿದ್ದರೆ ವ್ಯಾಯಾಮ ಸಾಲದು ಎಂದರ್ಥ. ತೆಂಕುತಿಟ್ಟಿನ ಯಕ್ಷಗಾನ ವೇಷಧಾರಿ ಸಾಲುಸಾಲಾಗಿ ಧೀಂಗಿಣ ಹಾಕಿ ನೆಟ್ಟಗೆ ನಿಲ್ಲುವುದು ಹುಟ್ಟುಗುಣದಿಂದಲ್ಲ, ಅಭ್ಯಾಸದಿಂದ. ಮೆದುಳು ಕಲಿಯುವ ಬಗೆ ಇಲ್ಲಿಯೂ ಅದೇ.

ಮೆನಿಯರ್ ಕಾಯಿಲೆ ಎಂದರೇನು? ಉಪ್ಪು ಬಿಡಬೇಕೆ?

ಪ್ಯಾರಿಸಿನ ವೈದ್ಯ ಪ್ರೋಸ್ಪರ್ ಮೆನಿಯರ್ 1861ರಲ್ಲಿ ತಲೆಸುತ್ತಿನ ಮೂಲ ಮೆದುಳೊಂದೇ ಅಲ್ಲ, ಒಳಕಿವಿಯೂ ಆಗಿರಬಹುದೆಂದು ಹೇಳಿದರು; ಹೆಸರು ಅವರಿಂದ ಬಂದದ್ದು. ಒಂದು ಕಿವಿ ತುಂಬಿಕೊಂಡಂತಾಗಿ, ಮೊರೆತ ಶುರುವಾಗಿ, ಕೇಳಿಸುವುದು ಕುಗ್ಗಿ, 20 ನಿಮಿಷದಿಂದ 12 ಗಂಟೆಯವರೆಗೆ ತಲೆ ತಿರುಗುವುದು ಇದರ ಲಕ್ಷಣ. ಮೊದಮೊದಲು ಕೇಳಿಸುವುದು ಮರಳಿ ಬರುತ್ತದೆ. ವರ್ಷಗಳು ಕಳೆದಂತೆ, ಮಂದ್ರ ಸ್ವರಗಳಿಂದ ಮೊದಲ್ಗೊಂಡು, ಬರುವುದಿಲ್ಲ. ಒಳಕಿವಿಯ ದ್ರವ ಉಬ್ಬಿಕೊಂಡಿರುವುದು ಇದರಲ್ಲಿ ಕಾಣುತ್ತದೆ.

ಉಪ್ಪನ್ನು ಬಿಡಬೇಕಿಲ್ಲ, ಮಿತಿಗೆ ತರಬೇಕು. ಸಾರಿಗೆ ಹಾಕುವ ಉಪ್ಪನ್ನು ಅಳೆಯುತ್ತ ಕೂರುವವರು ಊಟದ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆಮೆಣಸಿನಕಾಯಿ, ಬೇಕರಿಯ ಖಾರ ತಿಂಡಿಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೀಟಾಹಿಸ್ಟೀನ್ ಈ ಕಾಯಿಲೆಗೆ ಬಹುಕಾಲದಿಂದ ಬಳಕೆಯಲ್ಲಿದ್ದರೂ, 2016ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಅದು ಹುಸಿಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ; ಕೆಲವರಿಗೆ ಅನುಕೂಲವಾಯಿತೆಂದು ವೈದ್ಯರು ಈಗಲೂ ಕೊಡುತ್ತಾರೆ. ಹತೋಟಿಗೆ ಬಾರದಿದ್ದರೆ ಕಿವಿಯ ತಮಟೆಯ ಮೂಲಕ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಜೆಂಟಮೈಸಿನ್ ಎಂಬ ಆ್ಯಂಟಿಬಯಾಟಿಕ್ ಚುಚ್ಚುವುದು ಕೊನೆಯ ಅಸ್ತ್ರಗಳಲ್ಲೊಂದು, ಏಕೆಂದರೆ ಅದು ತಲೆಸುತ್ತಿನ ಜೊತೆಗೆ ಆ ಕಿವಿಯ ಸಮತೋಲನ ಶಕ್ತಿಯನ್ನೂ ಕೆಡಿಸುತ್ತದೆ.

ಇದೇ ರೀತಿ ಗಂಟೆಗಟ್ಟಲೆ ತಲೆ ತಿರುಗಿ, ಬೆಳಕು ಸದ್ದು ಸಹಿಸಲಾಗದೆ, ಹಿಂದೆ ಅರೆತಲೆನೋವು ಇದ್ದವರಿಗೆ ವೆಸ್ಟಿಬ್ಯುಲಾರ್ ಮೈಗ್ರೇನ್ ಆಗಿರುವ ಸಾಧ್ಯತೆ ಹೆಚ್ಚು. ತಲೆನೋವು ಪ್ರತಿ ಸಲವೂ ಜೊತೆಗಿರಬೇಕೆಂದಿಲ್ಲ. ಇದಕ್ಕೆ ಚಿಕಿತ್ಸೆ ಅರೆತಲೆನೋವಿನದೇ: ನಿದ್ದೆ, ಊಟ ಹೊತ್ತಿಗೆ ಸರಿಯಾಗಿ ಆಗುವುದು, ಪದೇ ಪದೇ ಬಂದರೆ ತಡೆಗಟ್ಟುವ ಔಷಧಿ.

ಬೆಳಿಗ್ಗೆ ಎದ್ದಾಗ ಒಂದು ಕಿವಿ ಏಕಾಏಕಿ ಕೇಳಿಸುತ್ತಿಲ್ಲ. ಗುಗ್ಗೆ ಕಟ್ಟಿರಬಹುದೆ?

ಇರಬಹುದು, ಆದರೆ ಹಾಗೆಂದುಕೊಂಡು ವಾರ ಕಳೆಯಬೇಡಿ. ಮೂರು ದಿನಗಳೊಳಗೆ ಒಳಕಿವಿಯ ಶ್ರವಣಶಕ್ತಿ ದಿಢೀರನೆ ಕುಸಿಯುವುದು ತುರ್ತು ಸ್ಥಿತಿ. ಸ್ಟೀರಾಯ್ಡ್ ಚಿಕಿತ್ಸೆ ಎರಡು ವಾರದೊಳಗೆ, ಆದಷ್ಟು ಮೊದಲ ದಿನಗಳಲ್ಲೇ ಶುರುವಾದರೆ ಕೇಳಿಸುವುದು ಮರಳುವ ಅವಕಾಶ ಹೆಚ್ಚು. ವೈದ್ಯರು 512 ಹರ್ಟ್ಸ್‌ನ ಶ್ರುತಿಕವೆಯನ್ನು ಮೀಟಿ ಹಣೆಯ ನಡುವೆ ಇಟ್ಟಾಗ ಸದ್ದು ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆ ಅಥವಾ ನಡುಗಿವಿಯ ತೊಂದರೆ; ಒಳ್ಳೆಯ ಕಿವಿಯಲ್ಲಿ ಕೇಳಿದರೆ ನರದ ತೊಂದರೆ. ಒಂದೇ ಪಕ್ಕ ಕೇಳಿಸದವರಿಗೆ ಆಮೇಲೆ ಎಂಆರ್‌ಐ ಮಾಡಿಸಿ, ಶ್ರವಣ ನರದ ಮೇಲೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಕಿವಿನೋವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಬಹುದೆ?

ಬೇಡ. ತಮಟೆ ತೂತಾಗಿದ್ದರೆ ಎಣ್ಣೆ ನಡುಗಿವಿಗೆ ಇಳಿದು ಸೋಂಕನ್ನು ಹೆಚ್ಚಿಸುತ್ತದೆ. ಬಿಸಿ ಅಂದಾಜು ತಪ್ಪಿದರೆ ಚರ್ಮ ಸುಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವದ ಕಿವಿ ಶಿಲೀಂಧ್ರಕ್ಕೆ ಹೇಳಿ ಮಾಡಿಸಿದ ಜಾಗ. ವಿಪರೀತ ತುರಿಕೆಯ ಜೊತೆಗೆ ಒದ್ದೆ ಕಾಗದದ ಮೇಲೆ ಕರಿ ಚುಕ್ಕಿ ಇಟ್ಟಂಥದ್ದು ಒಳಗೆ ಕಂಡರೆ ಅದೇ ಕಾರಣ.

ಎಣ್ಣೆಗೆ ಒಂದು ವಿನಾಯಿತಿ ಇದೆ. ಜೀವವಿರುವ ಹುಳ ಕಿವಿಗೆ ಹೊಕ್ಕು ಒದ್ದಾಡುತ್ತಿದ್ದರೆ, ಕಿವಿ ಹಿಂದೆಂದೂ ಸೋರದವರಾಗಿದ್ದರೆ, ಬಿಸಿಯಲ್ಲದ ಕೊಬ್ಬರಿ ಎಣ್ಣೆಯ ಕೆಲವು ಹನಿ ಬಿಟ್ಟು ಹುಳವನ್ನು ಸಾಯಿಸಿ ವೈದ್ಯರಲ್ಲಿ ತೆಗೆಸಬಹುದು. ಮಗು ಗಡಿಯಾರದ ಗುಂಡಿ ಬ್ಯಾಟರಿಯನ್ನು ಕಿವಿಗೆ ತುರುಕಿಕೊಂಡಿದ್ದರೆ ಮಾತ್ರ ಯಾವ ಹನಿಯನ್ನೂ ಬಿಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅದು ಗಂಟೆಗಳಲ್ಲಿ ಒಳಗಿನ ಚರ್ಮವನ್ನು ಸುಡುತ್ತದೆ.

ಗುಗ್ಗೆ ಕೊಳೆಯಲ್ಲ, ಕಾವಲು. ಅದು ತಾನಾಗಿ ಹೊರಕ್ಕೆ ಸರಿಯುತ್ತಿರುತ್ತದೆ. ಬಡ್ಸ್, ಬೆಂಕಿಕಡ್ಡಿ, ಸ್ಕೂಟರಿನ ಕೀಲಿ, ಹೇರ್‌ಪಿನ್ನುಗಳು ಅದನ್ನು ಒಳಕ್ಕೆ ತಳ್ಳುತ್ತವೆ.

ಮಗುವಿನ ಕಿವಿ ವರ್ಷದಿಂದ ಸೋರುತ್ತಿದೆ. ದೊಡ್ಡವನಾದ ಮೇಲೆ ಸರಿಹೋಗುತ್ತದೆ ಎನ್ನುತ್ತಾರೆ.

ಸರಿಹೋಗುವುದೆಂದು ಕಾಯ್ದು ಕೇಳಿಸುವ ಶಕ್ತಿಯನ್ನು ಕಳೆದುಕೊಂಡವರು ಬಹಳ. ನೆಗಡಿಯಾದಾಗಲೆಲ್ಲ ಲೋಳೆಯಂತೆ ಸೋರಿ ನಿಲ್ಲುವುದು ಒಂದು ಬಗೆ: ತಮಟೆಯ ನಡುವೆ ತೂತಿರುತ್ತದೆ. ಶುದ್ಧ ಹತ್ತಿಬಟ್ಟೆಯ ಬತ್ತಿಯಿಂದ ದಿನಕ್ಕೆ ಮೂರು ನಾಲ್ಕು ಸಲ ಒರಸಿ ಒಣಗಿಸುವುದು, ಬರೆದುಕೊಟ್ಟ ಆ್ಯಂಟಿಬಯಾಟಿಕ್ ಹನಿ ಹಾಕುವುದು, ಸ್ನಾನದಲ್ಲಿ ವ್ಯಾಸಲಿನ್ ಸವರಿದ ಹತ್ತಿಯಿಂದ ಕಿವಿ ಮುಚ್ಚುವುದು, ಕೆರೆ ಹೊಳೆಯ ಈಜು ಬಿಡುವುದು, ಒಣಗಿ ಕೆಲವು ತಿಂಗಳಾದ ಮೇಲೆ ಶಸ್ತ್ರಕ್ರಿಯೆಯಿಂದ ತೂತನ್ನು ಮುಚ್ಚಿಸುವುದು ದಾರಿ. ಸೋರುವುದು ಸ್ವಲ್ಪವೇ ಆಗಿದ್ದು ಕೊಳೆತ ವಾಸನೆ ಬರುತ್ತಿದ್ದರೆ ಅದು ಇನ್ನೊಂದು ಬಗೆ. ಕೊಲೆಸ್ಟಿಯಾಟೋಮಾ ಎಂಬ ಚರ್ಮದ ಚೀಲ ಒಳಗೆ ಬೆಳೆದು ಮೂಳೆಯನ್ನು ತಿನ್ನುತ್ತಿರುತ್ತದೆ. ಮುಖ ಸೊಟ್ಟಗಾಗುವುದು, ಮೆದುಳಿಗೆ ಕೀವು ಹರಡುವುದು ಇದರಿಂದ ಸಾಧ್ಯ. ಇದಕ್ಕೆ ಹನಿಯಿಂದ ಗುಣವಿಲ್ಲ, ಶಸ್ತ್ರಕ್ರಿಯೆಯೇ ಬೇಕು.

ಸೋರದೆ, ನೋಯದೆ, ಟಿವಿ ಸದ್ದು ಏರಿಸುವ, ಬಾಯಿ ತೆರೆದು ನಿದ್ರಿಸುವ, ಶಾಲೆಯಲ್ಲಿ ‘ಗಮನ ಕೊಡುವುದಿಲ್ಲ’ ಎನ್ನಿಸಿಕೊಳ್ಳುವ ಮಕ್ಕಳ ನಡುಗಿವಿಯಲ್ಲಿ ಅಂಟುದ್ರವ ನಿಂತಿರಬಹುದು. ಇನ್ನು ಹುಟ್ಟಿದ ಕೂಸಿನ ಶ್ರವಣ ಪರೀಕ್ಷೆ ಒಂದು ತಿಂಗಳೊಳಗೆ, ತೊಂದರೆಯ ಖಚಿತತೆ ಮೂರು ತಿಂಗಳೊಳಗೆ, ಪರಿಹಾರ ಆರು ತಿಂಗಳೊಳಗೆ ಆಗಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ಗಡುವು.

ಕಿವಿಯೊಳಗೆ ಸದಾ ಜೀರುಂಡೆ ಕೂಗಿದಂತೆ ಸದ್ದು. ಇದಕ್ಕೆ ಔಷಧಿ ಇಲ್ಲವೆ?

ಆ ಸದ್ದನ್ನೇ ಅಳಿಸುವ ಮಾತ್ರೆ ಇಲ್ಲ. ಹೆಚ್ಚಾಗಿ ಕೇಳಿಸುವುದು ಕುಗ್ಗಿದ ಕಿವಿಯಿಂದ ಬಾರದ ಸುದ್ದಿಯ ಜಾಗವನ್ನು ಮೆದುಳೇ ತುಂಬಿಕೊಳ್ಳುವುದರಿಂದ ಇದು ಬರುತ್ತದೆ, ಆದ್ದರಿಂದ ಶ್ರವಣ ಸಾಧನ ಹಾಕಿದವರಲ್ಲಿ ಅನೇಕರಿಗೆ ಇದೂ ತಗ್ಗುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಮಲಗುವ ಬದಲು ಫ್ಯಾನಿನ ಅಥವಾ ಮಂದವಾದ ರೇಡಿಯೊ ಸದ್ದಿನಲ್ಲಿ ಮಲಗಿರಿ. ಒಂದೇ ಕಿವಿಯಲ್ಲಿದ್ದರೆ, ಅಥವಾ ನಾಡಿ ಬಡಿತದ ಲಯದಲ್ಲಿ ಕೇಳಿಸುತ್ತಿದ್ದರೆ ಪರೀಕ್ಷೆ ಅಗತ್ಯ.

ಅಪ್ಪನಿಗೆ ಕೇಳಿಸುತ್ತದೆ, ಆದರೆ ಮಾತು ಅರ್ಥವಾಗುವುದಿಲ್ಲ ಎನ್ನುತ್ತಾರೆ. ಕಿವಿ ಮಷೀನು ಕೊಡಿಸಿದರೆ ಪೆಟ್ಟಿಗೆಯಲ್ಲಿಡುತ್ತಾರೆ.

ವಯಸ್ಸಿನ ಕಿವುಡು ತಾರಸ್ಥಾಯಿಯಿಂದ ಶುರುವಾಗುತ್ತದೆ. ಸ್ವರಾಕ್ಷರಗಳು ಕೇಳುತ್ತವೆ, ಸ, ಶ, ತ, ಫ ಜಾರಿಹೋಗುತ್ತವೆ. ಆಡಿಯೋಗ್ರಾಮ್ ಎಂಬ ನಕ್ಷೆಯಲ್ಲಿ ಗೆರೆ ಎಡದಲ್ಲಿ ಮೇಲಿದ್ದು ಬಲಕ್ಕೆ ಹೋದಂತೆ ಇಳಿಜಾರಾಗುವುದು ಇದರ ಗುರುತು. ಕೂಗಿ ಮಾತಾಡಿದರೆ ‘ಯಾಕೆ ಕಿರುಚುತ್ತೀಯ’ ಎನ್ನುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಎದುರಿಗೆ ಕುಳಿತು, ಬಾಯಿ ಕಾಣುವಂತೆ, ನಿಧಾನವಾಗಿ ಮಾತಾಡಬೇಕು. ಸಾಧನವನ್ನು ಅಂಗಡಿಯಿಂದಲೋ ಆನ್‌ಲೈನಿನಲ್ಲೋ ತರಿಸದೆ, ಪರೀಕ್ಷೆಯ ಆಧಾರದ ಮೇಲೆ ಆಡಿಯಾಲಜಿಸ್ಟ್ ಹೊಂದಿಸಿಕೊಡಬೇಕು. ಮೊದಲ ತಿಂಗಳಲ್ಲಿ ಎರಡು ಮೂರು ಸಲ ಮರುಹೊಂದಿಕೆಗೆ ಹೋಗಬೇಕು. ಪಾತ್ರೆ ಸದ್ದು ಸಿಡಿಲಿನಂತೆ ಕೇಳಿ ಪೆಟ್ಟಿಗೆ ಸೇರುವ ಸಾಧನಗಳೆಲ್ಲ ಈ ಮರುಹೊಂದಿಕೆ ತಪ್ಪಿದವು.

1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳಿಂದ ವೃದ್ಧರವರೆಗೆ ಈ ಎಲ್ಲ ಪರೀಕ್ಷೆಗಳೂ ಒಂದೇ ಆವರಣದಲ್ಲಿ ನಡೆಯುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಸ್ವರಗಳಿಗೆ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಕಿವಿಮಂದ, 70 ಮತ್ತು ಮೇಲಿದ್ದರೆ ಕಿವುಡು ಎಂದು ಪರಿಗಣಿಸುತ್ತಾರೆ. ಪ್ರಮಾಣಪತ್ರ ಮಾಡಿಸುವವರು ಈ ಸಂಖ್ಯೆಗಳನ್ನು ತಮ್ಮ ವರದಿಯೊಂದಿಗೆ ಹೋಲಿಸಿಕೊಳ್ಳಬಹುದು.

ಅಜ್ಜಿ ಎದ್ದು ನಿಂತಾಗಲೆಲ್ಲ ವಾಲುತ್ತಾರೆ. ಇದೂ ಕಿವಿಯದ್ದೇ?

ವಯಸ್ಸಾದವರಲ್ಲಿ ಒಂದೇ ಕಾರಣ ಹುಡುಕುವುದು ವ್ಯರ್ಥ. ಕಣ್ಣಿನ ಪೊರೆ, ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಮರಗಟ್ಟುವಿಕೆ, ಒಳಕಿವಿಯ ಸವಕಳಿ, ಐದಾರು ಬಗೆಯ ಮಾತ್ರೆ ಎಲ್ಲವೂ ಕೂಡಿರುತ್ತವೆ. ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ರಕ್ತದೊತ್ತಡ ನೋಡಿಸಿ; ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಗಳನ್ನು ಮರುಪರಿಶೀಲಿಸಬೇಕು. ಇಂಥವರಲ್ಲಿಯೂ ಹರಳಿನ ಪರೀಕ್ಷೆ ಮಾಡಿದರೆ ಅಚ್ಚರಿಯೆನ್ನಿಸುವಷ್ಟು ಸಲ ಅದು ಸಿಗುತ್ತದೆ. ಗಿರಗಿರ ಎನ್ನದೆ ಬರೀ ‘ವಾಲುತ್ತದೆ’ ಎಂದಷ್ಟೇ ಅವರು ಹೇಳಿರುತ್ತಾರೆ. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ದಾರಿಯಲ್ಲಿ ದೀಪ, ಸಡಿಲ ಚಪ್ಪಲಿಯ ಬದಲು ಹಿಮ್ಮಡಿ ಹಿಡಿಯುವ ಪಾದರಕ್ಷೆ, ಇವು ಅಂದೇ ಮಾಡಬಹುದಾದವು.

ತಲೆಸುತ್ತು ಇರುವಾಗ ಬೈಕು ಓಡಿಸಬಹುದೆ, ಮರ ಹತ್ತಬಹುದೆ?

ಹರಳಿನ ತೊಂದರೆ ಪೂರ್ತಿ ಹೋಗುವವರೆಗೆ, ಮೆನಿಯರ್ ಇರುವವರು ಮುನ್ಸೂಚನೆಯಿಲ್ಲದೆ ತಲೆಸುತ್ತು ಬರುವುದು ನಿಂತಿದೆ ಎಂದು ವೈದ್ಯರು ಹೇಳುವವರೆಗೆ, ವಾಹನ ಓಡಿಸಬಾರದು. ಅಡಿಕೆ, ತೆಂಗಿನ ಮರ ಹತ್ತುವವರಿಗೆ, ಬಾವಿಗೆ ಇಳಿಯುವವರಿಗೆ, ವಿದ್ಯುತ್ ಕಂಬದ ಮೇಲೆ ಕೆಲಸ ಮಾಡುವವರಿಗೆ, ಗಾರೆ ಕೆಲಸದವರಿಗೆ ಇದು ಇನ್ನೂ ಕಟ್ಟುನಿಟ್ಟು, ಏಕೆಂದರೆ ಅವರ ಕೆಲಸವೇ ಕತ್ತೆತ್ತಿ ನೋಡುವುದು. ಎರಡೂ ಕಿವಿಗಳ ಸಮತೋಲನ ಕಳೆದುಕೊಂಡವರು, ಉದಾಹರಣೆಗೆ ಜೆಂಟಮೈಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದಿನ ನಂತರ ಹಾಗಾದವರು, ಒಬ್ಬರೇ ಹೊಳೆ ಕೆರೆಗೆ ಇಳಿಯಲೇಬಾರದು. ಕಣ್ಣಿಗೆ ಏನೂ ಕಾಣದ ನೀರಿನೊಳಗೆ ಮೇಲ್ಮೈ ಯಾವ ಕಡೆಗಿದೆ ಎಂದು ಹೇಳಲು ಅವರ ದೇಹದಲ್ಲಿ ಬೇರೇನೂ ಉಳಿದಿರುವುದಿಲ್ಲ.